ಶಂಕುವಿನ ನೆರಳಿನಿಂದ ಭೂಮಿಯನ್ನು ಅಳೆಯುವುದು: ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಶಂಕುವನ್ನು, ಎಂದರೆ ನೆಟ್ಟಗಿನ ಕೋಲೊಂದನ್ನು ನಿಲ್ಲಿಸಿ, ಮಧ್ಯಾಹ್ನದ ನೆರಳನ್ನು ಅಳೆದು, ಅದರಿಂದ ತಮ್ಮ ಊರಿನ ಅಕ್ಷಾಂಶವನ್ನೂ ಭೂಮಿಯ ಸುತ್ತಳತೆಯನ್ನೂ ಪಡೆಯಲು ಹೊರಟವರಲ್ಲಿ ಬಹುಪಾಲು ಜನ ಒಂದೇ ಬಗೆಯಲ್ಲಿ ಸೋಲುತ್ತಾರೆ. ಉತ್ತರವೇನೋ ಬರುತ್ತದೆ, ಆದರೆ ಆ ಉತ್ತರದಲ್ಲಿ ಬೆಂಗಳೂರು ಒಮ್ಮೆ ಶ್ರೀಲಂಕೆಯ ಪಕ್ಕಕ್ಕೆ ಇಳಿದಿರುತ್ತದೆ, ಇನ್ನೊಮ್ಮೆ ಸೊಲ್ಲಾಪುರದ ತನಕ ಏರಿರುತ್ತದೆ. ಆಗ ಎಲ್ಲರೂ ಲೆಕ್ಕದಲ್ಲಿ ತಪ್ಪು ಹುಡುಕುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಲೆಕ್ಕದಲ್ಲಿರುವುದು ಅಪರೂಪ. ಅದು ಮಟ್ಟವಿಲ್ಲದ ನೆಲದಲ್ಲಿ, ಮಸುಕಾದ ನೆರಳಿನ ತುದಿಯಲ್ಲಿ, ಮತ್ತು ಗಡಿಯಾರದ ಹನ್ನೆರಡನ್ನೇ ಮಧ್ಯಾಹ್ನವೆಂದು ನಂಬಿದ್ದರಲ್ಲಿ ಇರುತ್ತದೆ. ಆದ್ದರಿಂದ ಇಲ್ಲಿ ನೆರಳಿನಿಂದ ಭೂಮಿಯನ್ನು ಅಳೆದ ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸನ ಕಥೆಯನ್ನಾಗಲಿ ಸೂರ್ಯಸಿದ್ಧಾಂತದ ಹಿರಿಮೆಯನ್ನಾಗಲಿ ಹೇಳಲು ಹೋಗದೆ, ಯಾವುದನ್ನು ಯಾವುದರ ನಂತರ ಮಾಡಬೇಕು ಎಂಬುದನ್ನಷ್ಟೇ ಬರೆದಿದ್ದೇನೆ. ಕ್ರಮ ತಪ್ಪಿದರೆ ಮುಂದಿನ ಹಂತಗಳ ಶ್ರಮ ವ್ಯರ್ಥ.

## ಬೇಕಾಗುವ ಸಾಮಗ್ರಿ

ಮೇಸ್ತ್ರಿಗಳ ಬಳಿ ಇರುವ ರಸಮಟ್ಟ, ತೂಗುಗುಂಡು ಮತ್ತು ಮೂಲೆಮಟ್ಟ. ಒಂದು ಉಕ್ಕಿನ ಅಳತೆಪಟ್ಟಿ. ಸುಮಾರು ಒಂದು ಮೀಟರ್ ಎತ್ತರದ, ಅಲುಗಾಡದ ಮರದ ಕಂಬ ಅಥವಾ ಎತ್ತರದ ಸ್ಟೂಲು. ಹತ್ತು ಹದಿನೈದು ಸೆಂಟಿಮೀಟರ್ ಅಗಲದ ತಗಡಿನ ತುಂಡು. ಚೂಪಾದ ಪೆನ್ಸಿಲು, ದಾರ, ಚಾರ್ಟ್ ಹಾಳೆಗಳು ಮತ್ತು ಅಂಟುಪಟ್ಟಿ. ಬಟ್ಟೆಯ ಅಳತೆಪಟ್ಟಿ ಬೇಡ, ಅದು ಎಳೆದಂತೆ ಹಿಗ್ಗುತ್ತದೆ. ಸಮಯಕ್ಕೆ ಮೊಬೈಲಿನ ಗಡಿಯಾರ ಸಾಕು.

ದಿಕ್ಸೂಚಿಯನ್ನು ಬೇಕೆಂದೇ ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅದು ತೋರಿಸುವುದು ಕಾಂತೀಯ ಉತ್ತರವನ್ನು. ಅದರ ಮೇಲೆ ಆರ್‌ಸಿಸಿ ತಾರಸಿಯೊಳಗಿನ ಕಬ್ಬಿಣದ ಸರಳುಗಳು ಮುಳ್ಳನ್ನು ತಮ್ಮತ್ತ ಎಳೆಯುತ್ತವೆ. ಒಂದೇ ತಾರಸಿಯಲ್ಲಿ ಎರಡು ಹೆಜ್ಜೆ ಆಚೆ ಇಟ್ಟರೆ ಮುಳ್ಳು ಬೇರೆ ಕಡೆ ತಿರುಗುವುದನ್ನು ನೀವೇ ನೋಡಬಹುದು.

ಕೆಲಸದ ಉದ್ದಕ್ಕೂ ಕಣ್ಣು ನೆಲದ ಮೇಲಿರಬೇಕು. ತಗಡಿನ ರಂಧ್ರದ ಮೂಲಕ ಸೂರ್ಯನನ್ನು ನೋಡುವುದು ಬರಿಗಣ್ಣಿನಲ್ಲಿ ನೋಡಿದಷ್ಟೇ ಅಪಾಯಕರ. ಮಕ್ಕಳು ಜೊತೆಗಿದ್ದರೆ ಈ ಮಾತನ್ನು ಮೊದಲೇ ಹೇಳಿಬಿಡಿ.

## ಹಂತ 1: ನೆಲವನ್ನು ಮಟ್ಟ ಮಾಡಿಕೊಳ್ಳುವುದು

ಬೆಳಗಿನ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ಮರ, ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ ಯಾವುದರ ನೆರಳೂ ಬೀಳದ ಜಾಗವನ್ನು ಹಿಂದಿನ ದಿನವೇ ಗುರುತಿಸಿಕೊಳ್ಳಿ.

ತಾರಸಿ ನೋಡಲು ಸಪಾಟಾಗಿದ್ದರೂ ಮಳೆನೀರು ಹರಿಯಲೆಂದು ಮೇಸ್ತ್ರಿಗಳು ಅದಕ್ಕೆ ವಾಟ ಕೊಟ್ಟಿರುತ್ತಾರೆ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ವಾಟವಿದ್ದರೆ ಅದು ಅರ್ಧ ಡಿಗ್ರಿಗಿಂತ ಹೆಚ್ಚಿನ ಓರೆ. ಅದು ಉತ್ತರ-ದಕ್ಷಿಣವಾಗಿದ್ದರೆ ನಿಮ್ಮ ಊರು ನಕ್ಷೆಯ ಮೇಲೆ 60 ಕಿಲೋಮೀಟರಿಗೂ ಹೆಚ್ಚು ಜರುಗಿತೆಂದೇ ಲೆಕ್ಕ. ನನ್ನ ಮೊದಲ ವರ್ಷದ ಅಳತೆಗಳೆಲ್ಲ ಹೀಗೆಯೇ ಹಾಳಾದವು: ತಿಂಗಳುಗಟ್ಟಲೆ ಗುರುತು ಹಾಕಿದ ಮೇಲೆ ಒಂದು ಮಳೆಗೆ ನೀರೆಲ್ಲ ನನ್ನ ವೃತ್ತಗಳನ್ನು ದಾಟಿ ಮೂಲೆಯ ಕೊಳವೆಯತ್ತ ನೆಟ್ಟಗೆ ಓಡಿದ್ದನ್ನು ನೋಡಿದಾಗಲೇ ಬುದ್ಧಿ ಬಂದದ್ದು.

ಹೀಗಾಗಿ ನೆಲವನ್ನು ನಂಬದೆ, ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಹಲಗೆಯೊಂದನ್ನು ಉದ್ದ ಪೂರ್ವ-ಪಶ್ಚಿಮವಾಗುವಂತೆ ಹಾಸಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡುತ್ತ, ತಗ್ಗಿದ ಕಡೆ ಕೆಳಗೆ ರಟ್ಟಿನ ಚೂರುಗಳನ್ನು ತುರುಕಿ ಮಟ್ಟಕ್ಕೆ ತನ್ನಿ. ನಡುವೆ ಹಲಗೆ ಬಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಧ್ಯಭಾಗದಲ್ಲೂ ಒಮ್ಮೆ ರಸಮಟ್ಟ ಇಟ್ಟು ನೋಡಬೇಕು. ರಸಮಟ್ಟವನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿಟ್ಟಾಗ ಗುಳ್ಳೆ ಬೇರೆ ಕಡೆ ನಿಂತರೆ ದೋಷ ರಸಮಟ್ಟದ್ದೇ; ಬೇರೊಂದನ್ನು ತನ್ನಿ.

## ಹಂತ 2: ಶಂಕುವನ್ನು ನಿಲ್ಲಿಸುವುದು

ಎಲ್ಲರೂ ಮಾಡುವಂತೆ ಕೋಲನ್ನು ನೆಟ್ಟು ಅದರ ತುದಿಯ ನೆರಳನ್ನು ಅಳೆಯುವುದು ಸಾಧ್ಯ. ಆದರೆ ಎರಡು ತೊಡಕುಗಳಿವೆ. ಕೋಲು ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದರೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೇ, ಎಂದರೆ ಸುಮಾರು 111 ಕಿಲೋಮೀಟರ್, ತಪ್ಪಾಗುತ್ತದೆ. ಜೊತೆಗೆ ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರ್ ಉದ್ದಕ್ಕೆ ಮಸುಕಾಗಿರುತ್ತದೆ. ಕಪ್ಪು ನೆರಳು ಮುಗಿದಲ್ಲಿಗೆ ಅಳೆದವರಿಗೆ ಪ್ರತಿ ಸಲವೂ ಕಾಲು ಡಿಗ್ರಿ ಕಡಿಮೆ ಬರುತ್ತದೆ. ನಿಮ್ಮ ಉತ್ತರ ಯಾವಾಗಲೂ ಒಂದೇ ದಿಕ್ಕಿಗೆ ಇಷ್ಟೇ ತಪ್ಪುತ್ತಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ಎರಡಕ್ಕೂ ಒಂದೇ ಮದ್ದು: ರಂಧ್ರವಿರುವ ತಗಡು. ತಗಡಿನ ಮಧ್ಯದಲ್ಲಿ ಮೂರು ಮಿಲಿಮೀಟರಿನ ದುಂಡನೆಯ ರಂಧ್ರ ಕೊರೆದು, ಕಂಬದ ತಲೆಗೆ ನೆಲಕ್ಕೆ ಸಮಾನಾಂತರವಾಗಿ, ರಂಧ್ರವು ಕಂಬದಿಂದ ಉತ್ತರದ ಕಡೆಗೆ ಚಾಚಿಕೊಂಡಿರುವಂತೆ ಬಿಗಿಯಿರಿ. ಈಗ ನಮ್ಮ ಶಂಕುವಿನ ತುದಿ ಎಂದರೆ ಆ ರಂಧ್ರ. ಕಂಬ ಬರಿಯ ಆಧಾರ, ಅದು ತುಸು ವಾಲಿದ್ದರೂ ಚಿಂತೆಯಿಲ್ಲ. ನೆಲದ ಮೇಲೆ ನೆರಳಿನ ತುದಿಯ ಬದಲು, ತಗಡಿನ ನೆರಳಿನ ನಡುವೆ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು ಅಗಲದ ಬೆಳಕಿನ ಬಿಲ್ಲೆ ಬೀಳುತ್ತದೆ. ಅದು ಸೂರ್ಯನ ಬಿಂಬ. ಅದರ ನಟ್ಟನಡುವೆ ಅಳೆಯುವ ಬಿಂದು.

## ಹಂತ 3: ಪಾದಬಿಂದುವನ್ನು ಗುರುತಿಸುವುದು

ರಂಧ್ರದ ಮಧ್ಯದಿಂದ ತೂಗುಗುಂಡನ್ನು ಇಳಿಬಿಟ್ಟು, ಅದರ ಮೊನೆ ಹಲಗೆಯನ್ನು ಮುಟ್ಟಿಯೂ ಮುಟ್ಟದಂತಿರುವಾಗ ಕೆಳಗೆ ಗುರುತು ಮಾಡಿ. ಇದು ಪಾದಬಿಂದು. ಎಲ್ಲ ಅಳತೆಗಳೂ ಇಲ್ಲಿಂದಲೇ ಶುರುವಾಗಬೇಕು, ಕಂಬದ ಬುಡದಿಂದಲ್ಲ. ಕಂಬದ ಬುಡದಿಂದ ಅಳೆದು, ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚುಕಡಿಮೆ ಬಂದು, ಕೊನೆಗೆ ಸೂರ್ಯನನ್ನೇ ದೂರಿದವರಿದ್ದಾರೆ.

ಗಾಳಿಗೆ ಗುಂಡು ತೂಗಾಡುವುದರಿಂದ ಈ ಕೆಲಸವನ್ನು ಗಾಳಿ ಏಳುವ ಮೊದಲು, ಬೆಳಿಗ್ಗೆ ಏಳರ ಹೊತ್ತಿಗೆ ಮುಗಿಸಿಕೊಳ್ಳಿ. ಗುರುತು ಸಿಕ್ಕ ಮೇಲೆ ದಾರವನ್ನು ತೆಗೆಯಬಹುದು. ನಂತರ ರಂಧ್ರದಿಂದ ಪಾದಬಿಂದುವಿಗೆ ಇರುವ ಎತ್ತರವನ್ನು ಮಿಲಿಮೀಟರಿನ ಮಟ್ಟಿಗೆ ಅಳೆದು ಬರೆದುಕೊಳ್ಳಿ. ಇದು ಸರಿಯಾಗಿ 100 ಸೆಂಟಿಮೀಟರ್ ಆಗುವಂತೆ ಹೊಂದಿಸಿಕೊಂಡರೆ ಲೆಕ್ಕ ಸಲೀಸು. ನಮ್ಮ ಹಳೆಯ ಜ್ಯೋತಿರ್ಗಣಿತದಲ್ಲಿ ಶಂಕುವಿಗೆ 12 ಅಂಗುಲವೆಂದು ನಿಗದಿ ಮಾಡಿಕೊಂಡದ್ದೂ ಇಂಥ ಅನುಕೂಲಕ್ಕೇ.

## ಹಂತ 4: ಉತ್ತರ-ದಕ್ಷಿಣ ರೇಖೆ

ಪಾದಬಿಂದುವನ್ನು ಕೇಂದ್ರವಾಗಿಟ್ಟು ಮೂರು ನಾಲ್ಕು ವೃತ್ತಗಳನ್ನು ಎಳೆಯಿರಿ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಆಸುಪಾಸಿನವರಿಗೆ 50, 60, 75, 90 ಸೆಂಟಿಮೀಟರ್ ತ್ರಿಜ್ಯ ಹೊಂದುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ನೆರಳೇ 74 ಸೆಂಟಿಮೀಟರಿನಷ್ಟಿರುವುದರಿಂದ 90ಕ್ಕಿಂತ ಚಿಕ್ಕ ವೃತ್ತಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ವೃತ್ತವು ಮಧ್ಯಾಹ್ನದ ನೆರಳಿಗಿಂತ ಚಿಕ್ಕದಾದರೆ ಬಿಂಬ ಅದನ್ನು ಮುಟ್ಟುವುದೇ ಇಲ್ಲ.

ಬೆಳಿಗ್ಗೆ ಬಿಂಬ ಪಶ್ಚಿಮದ ಕಡೆಯಿಂದ ಒಳಬರುತ್ತ ಒಂದೊಂದೇ ವೃತ್ತವನ್ನು ದಾಟುತ್ತದೆ. ಬಿಂಬದ ಮಧ್ಯ ವೃತ್ತದ ಗೆರೆಯ ಮೇಲೆ ಬಂದ ಕ್ಷಣ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಸಮಯ ಬರೆಯಿರಿ. ಮಧ್ಯವನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟವಾದರೆ ನನ್ನ ಉಪಾಯ ಇದು: ಬಿಂಬದಷ್ಟೇ ಅಗಲದ ಒಂದು ಸುತ್ತನ್ನು ಕಾಗದದ ಚೂರಿನ ಮೇಲೆ ಬರೆದು, ಅದರ ನಡುವೆ ಸೂಜಿಯಿಂದ ಚುಚ್ಚಿಟ್ಟುಕೊಳ್ಳಿ. ಬಿಂಬ ಆ ಸುತ್ತಿನೊಳಗೆ ಸರಿಯಾಗಿ ಕೂರುವಂತೆ ಚೂರನ್ನು ಸರಿಸಿ, ಸೂಜಿ ಚುಚ್ಚಿದಲ್ಲಿ ಪೆನ್ಸಿಲಿನ ಮೊನೆ ಊರಿದರೆ ಮುಗಿಯಿತು. ಇದರಿಂದ ಒಂದು ಮಿಲಿಮೀಟರಿನೊಳಗೆ ಬರಬಹುದು.

ಮಧ್ಯಾಹ್ನದ ನಂತರ ಬಿಂಬ ಅದೇ ವೃತ್ತಗಳನ್ನು ಪೂರ್ವದ ಕಡೆ ದಾಟಿ ಹೊರಹೋಗುವಾಗ ಮತ್ತೆ ಚುಕ್ಕೆ, ಮತ್ತೆ ಸಮಯ. ಒಂದೇ ವೃತ್ತದ ಎರಡು ಚುಕ್ಕೆಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ; ಆ ರೇಖೆಯ ಮಧ್ಯದಿಂದ ಪಾದಬಿಂದುವಿಗೆ ಎಳೆದದ್ದು ಉತ್ತರ-ದಕ್ಷಿಣ ರೇಖೆ. ಎರಡೂ ಲಂಬವಾಗಿವೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ. ನಾಲ್ಕು ವೃತ್ತಗಳ ನಾಲ್ಕು ಮಧ್ಯಬಿಂದುಗಳು ಪಾದಬಿಂದುವಿನಿಂದ ಹೊರಟ ಒಂದೇ ಗೆರೆಯ ಮೇಲೆ ಬರಬೇಕು. ಒಂದೇ ಒಂದು ಹೊರಗುಳಿದರೆ ಆ ಗುರುತನ್ನು ಕೈಬಿಡಿ. ನಾಲ್ಕೂ ಸೇರಿ ಬಾಗಿದ ಗೆರೆಯಾದರೆ ಹಲಗೆ ಮಟ್ಟ ತಪ್ಪಿದೆ, ಹಂತ 1ಕ್ಕೆ ಹಿಂತಿರುಗಿ. ಹೊರಗಿನ ವೃತ್ತವೊಂದನ್ನೇ ನಂಬಿ ಕುಳಿತವರಿಗೆ ಮೂರು ಗಂಟೆಯ ಮೋಡ ಇಡೀ ದಿನವನ್ನು ಕಸಿದುಕೊಳ್ಳುತ್ತದೆ. ಅನೇಕ ವೃತ್ತಗಳನ್ನು ಎಳೆಯುವುದು ಅದಕ್ಕಾಗಿಯೂ ಹೌದು.

ಬೆಳಗಿನಿಂದ ಮಧ್ಯಾಹ್ನದೊಳಗೆ ಸೂರ್ಯನ ಕ್ರಾಂತಿ (ಸಮಭಾಜಕದಿಂದ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ಸರಿದಿದ್ದಾನೆ ಎಂಬ ಅಳತೆ) ಬದಲಾಗುವುದರಿಂದ ಈ ರೇಖೆ ಕಿಂಚಿತ್ತು ಓರೆಯಾಗುತ್ತದೆ ಎಂಬುದು ನಿಜ. ಬದಲಾವಣೆ ಅತಿ ಹೆಚ್ಚಾಗಿರುವ ವಿಷುವದ, ಎಂದರೆ ಹಗಲು ರಾತ್ರಿ ಸಮವಾಗುವ, ದಿನಗಳಲ್ಲೂ ಅದು ಗಂಟೆಗೆ ಡಿಗ್ರಿಯ ಅರವತ್ತರಲ್ಲೊಂದು ಪಾಲು ಮಾತ್ರ. ನಮ್ಮ ಪೆನ್ಸಿಲಿನ ದಪ್ಪದ ಮುಂದೆ ಅದು ಲೆಕ್ಕಕ್ಕಿಲ್ಲ.

## ಹಂತ 5: ನಿಜವಾದ ಮಧ್ಯಾಹ್ನವನ್ನು ಹಿಡಿಯುವುದು

ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು. ಬೆಂಗಳೂರಿನ ರೇಖಾಂಶ 77.59 ಡಿಗ್ರಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಇಲ್ಲಿ ಮಧ್ಯಾಹ್ನವಾಗುವುದು ಸರಾಸರಿ 12:20ಕ್ಕೆ, ಮಂಗಳೂರಿನಲ್ಲಿ 12:31ರ ಸುಮಾರಿಗೆ. ಸರಾಸರಿ ಎಂದೆ, ಏಕೆಂದರೆ ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ಓರೆಯಾಗಿರುವುದರಿಂದಲೂ ಸೂರ್ಯ ವರ್ಷವಿಡೀ ಗಡಿಯಾರಕ್ಕೆ ಸರಿಯಾಗಿ ನಡೆಯುವುದಿಲ್ಲ. ಬೆಂಗಳೂರಿನ ಮಧ್ಯಾಹ್ನ ನವೆಂಬರ್ ಆರಂಭದಲ್ಲಿ 12:03ಕ್ಕೇ ಆಗಿಹೋಗುತ್ತದೆ. ಫೆಬ್ರವರಿ ಎರಡನೆಯ ವಾರದಲ್ಲಿ 12:34ರವರೆಗೆ ಕಾಯಿಸುತ್ತದೆ.

ಪ್ರತಿ ವರ್ಷ ಏಪ್ರಿಲ್ 24ರ ಶೂನ್ಯ ನೆರಳಿನ ದಿನ ಬೆಂಗಳೂರಿನಲ್ಲಿ ಎಷ್ಟೋ ಮಂದಿ "ನೆರಳು ಮಾಯವಾಗಲೇ ಇಲ್ಲ" ಎಂದು ನಿರಾಶರಾಗುವುದು ಇದೇ ಕಾರಣಕ್ಕೆ. ಅವರು ಗಡಿಯಾರದಲ್ಲಿ ಹನ್ನೆರಡಾದಾಗ ನೋಡಿರುತ್ತಾರೆ. ಆಗ ಒಂದು ಮೀಟರ್ ಶಂಕುವಿಗೆ ಇನ್ನೂ ಏಳೆಂಟು ಸೆಂಟಿಮೀಟರ್ ನೆರಳಿರುತ್ತದೆ. ಅದು ಇಲ್ಲವಾಗುವುದು 12:18ರ ಹೊತ್ತಿಗೆ.

ನೆರಳು ಅತಿ ಗಿಡ್ಡವಾದ ಕ್ಷಣವನ್ನು ಕಾದು ಹಿಡಿಯಲು ಹೋಗಬೇಡಿ. ವಿಷುವದ ದಿನ ಬೆಂಗಳೂರಿನಲ್ಲಿ ಮಧ್ಯಾಹ್ನಕ್ಕೆ ಐದು ನಿಮಿಷ ಹಿಂದೆಮುಂದೆ ನೆರಳಿನ ಉದ್ದ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಬದಲಾಗುತ್ತದೆ. ಯಾವುದು ಗಿಡ್ಡ ಎಂದು ಯಾರೂ ಹೇಳಲಾರರು. ಬದಲಿಗೆ ಹಂತ 4ರಲ್ಲಿ ಬರೆದಿಟ್ಟ ಎರಡು ಸಮಯಗಳ ನಟ್ಟನಡುವಿನ ಸಮಯವನ್ನು ತೆಗೆದುಕೊಳ್ಳಿ: 10:05 ಮತ್ತು 2:49 ಎಂದಿದ್ದರೆ ಮಧ್ಯಾಹ್ನ 12:27. ಉತ್ತರ-ದಕ್ಷಿಣ ರೇಖೆ ಒಮ್ಮೆ ಸಿಕ್ಕಿತೆಂದರೆ ಮರುದಿನದಿಂದ ಈ ಲೆಕ್ಕವೂ ಬೇಡ. ಬಿಂಬ ಆ ರೇಖೆಯನ್ನು ದಾಟುವ ಕ್ಷಣವೇ ಮಧ್ಯಾಹ್ನ. ಕ್ರಮ ಮುಖ್ಯ ಎಂದದ್ದು ಇದಕ್ಕೇ: ಮೊದಲ ದಿನ ರೇಖೆ, ಎರಡನೆಯ ದಿನ ಅಳತೆ.

## ಹಂತ 6: ನೆರಳಿನಿಂದ ಕೋನ, ಕೋನದಿಂದ ಅಕ್ಷಾಂಶ

ಮಧ್ಯಾಹ್ನದ ಬಿಂಬದ ಮಧ್ಯಕ್ಕೆ ಪಾದಬಿಂದುವಿನಿಂದ ಇರುವ ದೂರವನ್ನು ಶಂಕುವಿನ ಎತ್ತರದಿಂದ ಭಾಗಿಸಿ, ಯಾವ ಕೋನದ ಟ್ಯಾನ್ ಬೆಲೆ ಅಷ್ಟಿದೆ ಎಂದು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ನೋಡಿ. ಅದು ಸೂರ್ಯ ನೆತ್ತಿಯಿಂದ ಎಷ್ಟು ಸರಿದಿದ್ದಾನೆ ಎಂಬುದರ ಅಳತೆ. ಹಳೆಯ ಹೆಸರು ನತಾಂಶ. 23 ಸೆಂಟಿಮೀಟರ್ ನೆರಳಿಗೆ 12.95 ಡಿಗ್ರಿ ಬರಬೇಕು. 0.226 ಎಂದು ಬಂದರೆ ಕ್ಯಾಲ್ಕುಲೇಟರು ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆ.

ಮಾರ್ಚ್ 20ರ ಸುಮಾರಿನ ವಿಷುವದ ದಿನ ಸೂರ್ಯ ಸಮಭಾಜಕದ ಮೇಲಿರುವುದರಿಂದ ನತಾಂಶವೇ ನಿಮ್ಮ ಅಕ್ಷಾಂಶ. ಆಗ ಕ್ರಾಂತಿ ದಿನಕ್ಕೆ 0.4 ಡಿಗ್ರಿಯಂತೆ ಓಡುತ್ತಿರುವುದರಿಂದ ಒಂದು ದಿನ ತಡವಾದರೂ 44 ಕಿಲೋಮೀಟರ್ ಹೋಯಿತು. ಬೇರೆ ದಿನ ಅಳೆದರೆ ಆ ದಿನದ ಕ್ರಾಂತಿಯನ್ನು ಸೇರಿಸಬೇಕು: ಸೂರ್ಯ ಉತ್ತರಕ್ಕಿದ್ದರೆ ಕೂಡಿಸಿ, ದಕ್ಷಿಣಕ್ಕಿದ್ದರೆ ಕಳೆಯಿರಿ. ನೆರಳು ದಕ್ಷಿಣಕ್ಕೆ ಬೀಳುವ ಕಾಲದಲ್ಲಿ, ಅಂದರೆ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ 18ರವರೆಗೆ, ನತಾಂಶಕ್ಕೆ ಋಣಚಿಹ್ನೆ ಹಾಕಬೇಕು. ಇದನ್ನು ಮರೆತರೆ ಜೂನ್ 21ರಂದು ಬೆಂಗಳೂರಿನ ಅಕ್ಷಾಂಶ 34 ಡಿಗ್ರಿ ಬಂದು, ನೀವು ಶ್ರೀನಗರದಲ್ಲಿ ಕುಳಿತಿರುತ್ತೀರಿ.

## ಹಂತ 7: ಎರಡು ಊರುಗಳಿಂದ ಸುತ್ತಳತೆ

ಊರುಗಳ ಆಯ್ಕೆಯಲ್ಲೇ ಸೋಲುವವರು ಹೆಚ್ಚು. ಮಂಗಳೂರು ಮತ್ತು ಬೆಂಗಳೂರು ದೂರವಿವೆಯೆಂದು ಆರಿಸಿಕೊಂಡವರಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ನೆರಳು ಸಿಗುತ್ತದೆ. ವ್ಯತ್ಯಾಸ ಎರಡು ಮಿಲಿಮೀಟರ್ ಅಷ್ಟೇ, ಏಕೆಂದರೆ ಅವು ಪೂರ್ವ-ಪಶ್ಚಿಮವಾಗಿವೆ. ನಮಗೆ ಬೇಕಾದದ್ದು ಉತ್ತರ-ದಕ್ಷಿಣದ ಅಂತರ. ಕರ್ನಾಟಕದ ಭಾಗ್ಯವೆಂದರೆ ಬೀದರ್ (77.52 ಡಿಗ್ರಿ) ಬೆಂಗಳೂರಿಗೆ ನೆಟ್ಟಗೆ ಉತ್ತರದಲ್ಲಿದೆ, ಎರಡೂ ಕಡೆ ಮಧ್ಯಾಹ್ನ ಹದಿನೇಳು ಸೆಕೆಂಡಿನೊಳಗೆ ಆಗುತ್ತದೆ. ಎರಟೋಸ್ತನೀಸನಿಗೂ ಇಷ್ಟು ಚೊಕ್ಕವಾದ ಜೋಡಿ ಸಿಕ್ಕಿರಲಿಲ್ಲ. ಅವನು ಆರಿಸಿಕೊಂಡ ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸಯೀನ್‌ಗಳ ರೇಖಾಂಶಗಳಿಗೆ ಮೂರು ಡಿಗ್ರಿ ಅಂತರವಿದೆ.

ವಿಷುವದ ದಿನ ಒಂದು ಮೀಟರ್ ಶಂಕುವಿಗೆ ಬೆಂಗಳೂರಿನಲ್ಲಿ 23.0, ಬೀದರಿನಲ್ಲಿ 32.3 ಸೆಂಟಿಮೀಟರ್ ನೆರಳು ಬರಬೇಕು. ಕೋನಗಳ ವ್ಯತ್ಯಾಸ 4.95 ಡಿಗ್ರಿ; ನಕ್ಷೆಯ ಮೇಲೆ ಉತ್ತರ-ದಕ್ಷಿಣ ದೂರ 547 ಕಿಲೋಮೀಟರ್. 547ನ್ನು 360ರಿಂದ ಗುಣಿಸಿ 4.95ರಿಂದ ಭಾಗಿಸಿದರೆ ಸುಮಾರು 39,800 ಕಿಲೋಮೀಟರ್. ಧ್ರುವಗಳ ಮೂಲಕ ಭೂಮಿಯ ನಿಜ ಸುತ್ತಳತೆ 40,008. ಬೀದರಿನವರು ಐದೇ ಮಿಲಿಮೀಟರ್ ಕಡಿಮೆ ಅಳೆದರೆ ಇದೇ ಉತ್ತರ 42,000 ಆಗುತ್ತದೆ. ಬಸ್ಸಿನ ರಸ್ತೆಯ ದೂರವನ್ನು ಹಾಕಿದವರಿಗೆ 50,000 ದಾಟುತ್ತದೆ. ಅಷ್ಟು ದೊಡ್ಡ ಸಂಖ್ಯೆ ಬಂದರೆ ಮೊದಲು ದೂರವನ್ನೇ ಪರೀಕ್ಷಿಸಿ.

ಎರಡು ಊರಿನವರೂ ಒಂದೇ ದಿನ, ಒಂದೇ ಬಗೆಯ ಸಲಕರಣೆಯಿಂದ, ತಮ್ಮ ತಮ್ಮ ಮಧ್ಯಾಹ್ನದಲ್ಲಿ ಅಳೆಯಬೇಕು. ಹಾಗೆ ಮಾಡಿದರೆ ದಿನ ವಿಷುವವಾಗಿರಬೇಕೆಂದೂ ಇಲ್ಲ. ಕ್ರಾಂತಿ ಎರಡೂ ಕಡೆ ಒಂದೇ ಆದ್ದರಿಂದ ಕಳೆದುಹೋಗುತ್ತದೆ.

ಸೂಕ್ಷ್ಮಬುದ್ಧಿಯವರು ಇಲ್ಲಿ ತಕರಾರು ತೆಗೆಯಬಹುದು: ನಕ್ಷೆಯ ದೂರವೇ ಭೂಮಿಯ ಗಾತ್ರವನ್ನು ಮೊದಲೇ ತಿಳಿದು ಬರೆದದ್ದಲ್ಲವೇ? ತಕರಾರು ಸರಿಯಾದದ್ದೇ. ಅದಕ್ಕಾಗಿಯೇ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಅಳೆದ ಗೆರೆಯಿಂದ ಭಾರತದ ಮಹಾ ಸರ್ವೇಕ್ಷಣೆಯನ್ನು ಶುರು ಮಾಡಬೇಕಾಯಿತು. ಮನೆಯ ತಾರಸಿಯಿಂದ ಅಷ್ಟು ದೂರ ಹೋಗುವುದು ನಮ್ಮಿಂದಾಗದು.

## ಹಂತ 8: ದುಂಡಗಿದೆ ಎನ್ನಲು ಎರಡು ಊರು ಸಾಲದು

ಮೇಲಿನ ಲೆಕ್ಕ ಭೂಮಿ ದುಂಡಗಿದೆ, ಸೂರ್ಯ ಬಹುದೂರದಲ್ಲಿದ್ದಾನೆ ಎಂದು ಮೊದಲೇ ಒಪ್ಪಿಕೊಂಡಿದೆ. ನೆಲ ಚಪ್ಪಟೆ, ಸೂರ್ಯ ಹತ್ತಿರ ಎಂದುಕೊಂಡರೂ ಎರಡು ನೆರಳುಗಳನ್ನು ಅಷ್ಟೇ ಚೆನ್ನಾಗಿ ವಿವರಿಸಬಹುದು. ಪ್ರಾಚೀನ ಚೀನದವರು ಹಾಗೆಯೇ ಮಾಡಿ, ಸೂರ್ಯ 80,000 ಲೀ (ಚೀನದ ದೂರದ ಅಳತೆ) ಎತ್ತರದಲ್ಲಿದ್ದಾನೆ ಎಂಬ ಉತ್ತರ ಪಡೆದಿದ್ದರು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಒಂದೇ ಗೆರೆಯ ಮೇಲೆ ಇನ್ನಷ್ಟು ಊರುಗಳು ಬೇಕು.

ಕನ್ಯಾಕುಮಾರಿ ಮತ್ತು ದೆಹಲಿ ಕೂಡ ಹೆಚ್ಚುಕಡಿಮೆ ಇದೇ ಗೆರೆಯ ಮೇಲಿವೆ. ಅಲ್ಲಿರುವ ನೆಂಟರನ್ನೋ ಸ್ನೇಹಿತರನ್ನೋ ಒಪ್ಪಿಸಿ. ವಿಷುವದ ನೆರಳು ಕನ್ಯಾಕುಮಾರಿಯಲ್ಲಿ 14.2, ದೆಹಲಿಯಲ್ಲಿ 54.5 ಸೆಂಟಿಮೀಟರ್. ಪ್ರತಿ 100 ಕಿಲೋಮೀಟರಿಗೆ ನೆರಳು ಎಷ್ಟು ಬೆಳೆಯಿತೆಂದು ನೋಡಿ: ಕನ್ಯಾಕುಮಾರಿಯಿಂದ ಬೆಂಗಳೂರಿಗೆ 1.63, ಬೆಂಗಳೂರಿನಿಂದ ಬೀದರಿಗೆ 1.70, ಬೀದರಿನಿಂದ ದೆಹಲಿಗೆ 1.87 ಸೆಂಟಿಮೀಟರ್. ನೆಲ ಚಪ್ಪಟೆಯಾಗಿದ್ದರೆ ಈ ಮೂರೂ ಸಮವಾಗಿರಬೇಕಿತ್ತು. ಕೋನದಲ್ಲಿ ನೋಡಿದರೆ ಮೂರು ಕಡೆಯೂ 100 ಕಿಲೋಮೀಟರಿಗೆ 0.9 ಡಿಗ್ರಿಯೇ. ಬೀದರಿನವರೆಗೆ ಮಾತ್ರ ಅಳೆದರೆ ವ್ಯತ್ಯಾಸ ಮಿಲಿಮೀಟರುಗಳಲ್ಲಿ ಹುದುಗಿಹೋಗುತ್ತದೆ. ದೆಹಲಿ ಸೇರಿದಾಗ ಅದು ಮೂರು ಸೆಂಟಿಮೀಟರಿನಷ್ಟಾಗಿ, ವಾದಕ್ಕೆ ಎಡೆ ಉಳಿಯುವುದಿಲ್ಲ.

## ಹಂತ 9: ವರ್ಷವಿಡೀ ಗುರುತು ಹಾಕುವುದು

ಸಲಕರಣೆ ಕದಲದಂತೆ ಇಡಲು ಜಾಗವಿದ್ದವರು ವಾರಕ್ಕೊಮ್ಮೆ ಮಧ್ಯಾಹ್ನದ ಬಿಂಬವನ್ನು ಉತ್ತರ-ದಕ್ಷಿಣ ರೇಖೆಯ ಮೇಲೆ ಗುರುತಿಸಿ, ದಿನಾಂಕ ಬರೆಯುತ್ತ ಹೋಗಿ. ಇದರ ಫಲ ಹಿಂದಿನ ಎಲ್ಲದಕ್ಕಿಂತ ಹೆಚ್ಚಿನದು, ಏಕೆಂದರೆ ಇಲ್ಲಿ ಪಂಚಾಂಗದಿಂದಾಗಲಿ ನಕ್ಷೆಯಿಂದಾಗಲಿ ಏನನ್ನೂ ಎರವಲು ಪಡೆಯಬೇಕಿಲ್ಲ. ಬೆಂಗಳೂರಿನಲ್ಲಿ ಅತಿ ಉದ್ದದ ನೆರಳು ಡಿಸೆಂಬರ್ 21ರ ಸುಮಾರಿಗೆ ಉತ್ತರಕ್ಕೆ 73.7 ಸೆಂಟಿಮೀಟರ್, ನತಾಂಶ 36.4 ಡಿಗ್ರಿ, ಜೂನ್ 21ಕ್ಕೆ ದಕ್ಷಿಣಕ್ಕೆ 18.5 ಸೆಂಟಿಮೀಟರ್, 10.5 ಡಿಗ್ರಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಭೂಮಿಯ ಅಕ್ಷದ ಓರೆ, 23.4, ಕಳೆದು ಅರ್ಧ ಮಾಡಿದರೆ ಊರಿನ ಅಕ್ಷಾಂಶ, 13ರ ಸಮೀಪ.

ಜೂನ್ ಮೋಡಕ್ಕೆ ಹೆದರಬೇಕಿಲ್ಲ. ಅಯನದ ದಿನದ, ಎಂದರೆ ಸೂರ್ಯ ದಿಕ್ಕು ತಿರುಗುವ ಜೂನ್ 21ರ, ಹಿಂದಿನ ಮುಂದಿನ ಐದು ದಿನಗಳಲ್ಲಿ ಕ್ರಾಂತಿ 0.1 ಡಿಗ್ರಿಯಷ್ಟೂ ಬದಲಾಗದು. ಆ ಹನ್ನೊಂದು ದಿನಗಳಲ್ಲಿ ಒಂದು ಮಧ್ಯಾಹ್ನ ಬಿಸಿಲು ಇಣುಕಿದರೂ ಸಾಕು. ಕರಾವಳಿಯವರಿಗೆ ಅದೂ ಸಿಗದೆ ಹೋಗಬಹುದು.

ರೇಖೆಯ ಬದಲು ಗಡಿಯಾರ ನೋಡಿ ಪ್ರತಿ ವಾರ ಒಂದೇ ಸಮಯಕ್ಕೆ ಗುರುತು ಹಾಕಿದವರಿಗೆ ನೇರ ಗೆರೆಯ ಬದಲು ಇಂಗ್ಲಿಷ್ ಎಂಟರ ಆಕೃತಿ ಬರುತ್ತದೆ. ಅದು ತಪ್ಪಲ್ಲ, ಬೇರೆಯೇ ಒಂದು ಪ್ರಯೋಗ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬೇಡಿ. ಇನ್ನೊಂದು ಎಣಿಕೆಯನ್ನೂ ಮಾಡಿ: ಮಾರ್ಚಿನ ವಿಷುವದಿಂದ ಸೆಪ್ಟೆಂಬರಿನ ವಿಷುವಕ್ಕೆ 186 ದಿನ, ಅಲ್ಲಿಂದ ಮತ್ತೆ ಮಾರ್ಚಿಗೆ 179 ದಿನ. ಈ ಏಳು ದಿನಗಳ ಅಂತರವನ್ನು ಪ್ರಾಚೀನ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಸೂರ್ಯನ ವೃತ್ತದ ಕೇಂದ್ರವನ್ನು ಭೂಮಿಯಿಂದ ಆಚೆ ಸರಿಸಿ ವಿವರಿಸಿದ, ಕೆಪ್ಲರ್ ದೀರ್ಘವೃತ್ತದಿಂದ ವಿವರಿಸಿದ. ಸುತ್ತುವುದು ಭೂಮಿಯೋ ಸೂರ್ಯನೋ ಎಂಬುದನ್ನು ಮಾತ್ರ ನಿಮ್ಮ ಹಲಗೆ ಹೇಳದು. ಎರಡರಲ್ಲೂ ನೆರಳು ಒಂದೇ.

ಮಕರ ಸಂಕ್ರಾಂತಿಯ ದಿನ ತಪ್ಪದೆ ಒಂದು ಗುರುತು ಹಾಕಿ. ಉತ್ತರಾಯಣ ಅಂದೇ ಆರಂಭವಾಗುತ್ತದೆಂದು ನಂಬಿದವರಿಗೆ ನೆರಳು ಆ ದಿನ 68 ಸೆಂಟಿಮೀಟರಿನ ಬಳಿ ಬಿದ್ದಿರುವುದು ಅಳತೆಯ ತಪ್ಪಿನಂತೆ ಕಂಡು, ಅವರು ಡಿಸೆಂಬರಿನ ಗುರುತನ್ನೇ ಅಳಿಸಿ ತಿದ್ದುವುದುಂಟು. ಅಳಿಸಬೇಡಿ. ಪಂಚಾಂಗದ ಮಕರ ರಾಶಿ ನಕ್ಷತ್ರಗಳನ್ನು ಹಿಡಿದು ಎಣಿಸಿದ್ದು. ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ದಾಟಿರುತ್ತದೆ, ನೆರಳು ಐದು ಸೆಂಟಿಮೀಟರಿಗೂ ಹೆಚ್ಚು ಒಳಗೆ ಬಂದಿರುತ್ತದೆ.